ಸೀಮೆಸುಣ್ಣ ತಿರುಚಿ ನೋಡಿ ಮೇಷ್ಟ್ರೇ!

ಮೊನ್ನೆ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಕಂಪ್ಯೂಟರ್ ತೋರಿಸಿ, "ಸಾರ್, ಸ್ಟ್ರೆಸ್ಸು 100 ಮೆಗಾಪಾಸ್ಕಲ್ ಬಂದಿದೆ. 150ರವರೆಗೂ ಬಿಡಬಹುದು. ಸೇಫ್!" ಅಂದ. ಅವನು ನೋಡಿದ್ದು ಎಕ್ಸ್ ದಿಕ್ಕಿನ ಸ್ಟ್ರೆಸ್ ಮಾತ್ರ. ಕಬ್ಬಿಣದ ಪಟ್ಟಿ ಇದ್ದದ್ದು 45 ಡಿಗ್ರಿ ಓರೆಯಾಗಿ! ವೈ ದಿಕ್ಕಿನಲ್ಲೂ 100, ಶಿಯರ್ ಕೂಡ 100. ಇವನ್ನು ಮ್ಯಾಟ್ರಿಕ್ಸಿನಲ್ಲಿಟ್ಟು ಐಗನ್ ವ್ಯಾಲ್ಯೂ ತೆಗೆದರೆ ಬರೋದು 200 ಮತ್ತು 0. ಅಂದರೆ ಪಟ್ಟಿಯ ಉದ್ದಕ್ಕೆ 200ರ ಎಳೆತ. ಎಲ್ಲಿಯ ಸೇಫು?

ಹುಡುಗನಿಗೆ ಐಗನ್ ವ್ಯಾಲ್ಯೂ ಗೊತ್ತಿಲ್ಲ ಅಂದ್ಕೋಬೇಡಿ. ಗಣಿತದಲ್ಲಿ ಒಳ್ಳೆ ಮಾರ್ಕ್ಸ್ ತೆಗೆದವನೇ. ಅದಕ್ಕೂ ಸ್ಟ್ರೆಸ್ಸಿಗೂ ನೆಂಟಸ್ತಿಕೆ ಇದೆ ಅಂತ ಯಾರೂ ಹೇಳಿರಲಿಲ್ಲ, ಅಷ್ಟೆ. ನನಗೂ ಹೇಳಿರಲಿಲ್ಲ ಬಿಡಿ. ಒಂದು ಕ್ಲಾಸಿನಲ್ಲಿ ಕೂತು ಐಗನ್ ವ್ಯಾಲ್ಯೂ ಲೆಕ್ಕ ಬಿಡಿಸಿದೆ, ಪಕ್ಕದ ಕ್ಲಾಸಿನಲ್ಲಿ ಕೂತು ಕಂಪಾಸ್ ಹಿಡಿದು ಮೋರ್ ವೃತ್ತ ಎಳೆದೆ. ಎರಡೂ ಹುಡುಕುತ್ತಿದ್ದದ್ದು ಒಂದೇ ಉತ್ತರ ಅಂತ ತಿಳಿಯೋಕೆ ಕೆಲಸಕ್ಕೆ ಸೇರಿ ಆರು ವರ್ಷ ಬೇಕಾಯ್ತು!

"ಸಾಫ್ಟ್‌ವೇರ್ ಇರುವಾಗ ಇಂಜಿನಿಯರಿಗೆ ಇಷ್ಟೆಲ್ಲಾ ಗಣಿತ ಯಾಕ್ರೀ?" ಅನ್ನೋರು ಒಂದು ಕಡೆ. "ಕಂಟಿನ್ಯುಅಂ ಮೆಕ್ಯಾನಿಕ್ಸಾ? ಮೊದಲು ಡಿಫರೆನ್ಷಿಯಲ್ ಜಿಯೊಮೆಟ್ರಿ ಕಲಿತು ಬಾ" ಅಂತ ಹೆದರಿಸೋರು ಇನ್ನೊಂದು ಕಡೆ. ನನ್ನ ಪ್ರಕಾರ ಇಬ್ಬರೂ ಹುಡುಗರ ದಾರಿಗೆ ಅಡ್ಡ ನಿಂತವರೇ.

ಶುರು ಮಾಡೋಕೆ ಬೇಕಾದ್ದು ಬಹುಪಾಲು ಸಿಲಬಸ್ಸಿನಲ್ಲೇ ಇದೆ. ಲೀನಿಯರ್ ಆಲ್ಜೀಬ್ರಾ, ಪಾರ್ಷಿಯಲ್ ಡೆರಿವೇಟಿವ್, ಡೈವರ್ಜೆನ್ಸ್ ಥಿಯರಂ. ಜೊತೆಗೆ ಇಂಡೆಕ್ಸ್ ನೊಟೇಶನ್ ಅಂತ ಒಂದು ಬರವಣಿಗೆಯ ಅಭ್ಯಾಸ, ಒಂದು ವಾರದ ಕೆಲಸ. ದೊಡ್ಡ ವಿರೂಪ, ಬಾಗಿದ ಶೆಲ್ಲು ಅಂತ ಮುಂದೆ ಹೋದಾಗ ಹೆಚ್ಚಿನದು ಬೇಕು, ಒಪ್ಪಿದೆ. ಅದನ್ನು ಹೊಸ್ತಿಲಲ್ಲೇ ಯಾಕೆ ಕೇಳಬೇಕು?

1822ರಲ್ಲಿ ಕೋಶಿ ಕಂಡದ್ದು ಇಷ್ಟು: ವಸ್ತುವಿನ ಒಂದು ಬಿಂದುವಿನ ಮೂಲಕ ಎಷ್ಟು ಸಾವಿರ ಓರೆಗಳಲ್ಲಿ ಕತ್ತರಿಸಿದರೂ, ಮೂರು ಮುಖಗಳ ಮೇಲಿನ ಬಲ ಗೊತ್ತಿದ್ದರೆ ಉಳಿದವೆಲ್ಲ ತಾವಾಗಿ ಸಿಗುತ್ತವೆ. ಅಂದರೆ ಸ್ಟ್ರೆಸ್ ಅನ್ನೋದು ಒಂದು ಸಂಖ್ಯೆಯಲ್ಲ, ಒಂದು ಮ್ಯಾಟ್ರಿಕ್ಸ್ ಮಾಡುವ ಕೆಲಸ. ಮುಖದ ದಿಕ್ಕು ಕೊಟ್ಟರೆ ಬಲ ಕೊಡುತ್ತೆ. ಒಂಬತ್ತು ಸಂಖ್ಯೆ, ಸಿಮೆಟ್ರಿಯಿಂದಾಗಿ ಆರೇ ಸಾಕು. ನಾವೋ "ಬಲ ಭಾಗಿಸು ವಿಸ್ತೀರ್ಣ" ಅಂತ ಉರು ಹೊಡೆಸಿ ಕೈ ತೊಳೆದುಕೊಳ್ಳುತ್ತೇವೆ.

ಇದನ್ನು ತೋರಿಸೋಕೆ ಲ್ಯಾಬ್ ಬೇಡ, ಮೇಷ್ಟ್ರ ಕೈಯಲ್ಲಿನ ಸೀಮೆಸುಣ್ಣ ಸಾಕು. ನೇರ ಎಳೆದರೆ ಅಡ್ಡಕ್ಕೆ ತುಂಡಾಗುತ್ತೆ. ಎರಡೂ ತುದಿ ಹಿಡಿದು ತಿರುಚಿದರೆ? ಸುಮಾರು 45 ಡಿಗ್ರಿ ಓರೆಯಲ್ಲಿ, ಸುರುಳಿಯಾಗಿ ಮುರಿಯುತ್ತೆ. ತಿರುಚಿದಾಗ ಮ್ಯಾಟ್ರಿಕ್ಸಿನ ಕರ್ಣದಲ್ಲಿ ಸೊನ್ನೆ, ಪಕ್ಕದಲ್ಲಿ ಶಿಯರ್. ಅದರ ಐಗನ್ ವೆಕ್ಟರುಗಳು 45 ಡಿಗ್ರಿಯಲ್ಲಿವೆ. ಒಂದರಲ್ಲಿ ಎಳೆತ, ಇನ್ನೊಂದರಲ್ಲಿ ಒತ್ತಡ. ಎಳೆತ ತಡೆಯಲಾರದ ಸೀಮೆಸುಣ್ಣ ಆ ಎಳೆತಕ್ಕೆ ಅಡ್ಡವಾಗಿ ಸೀಳುತ್ತೆ. ಪಾಪ, ಅದಕ್ಕೆ ಎಕ್ಸು ವೈ ಗೊತ್ತಿಲ್ಲ. ಐಗನ್ ವೆಕ್ಟರ್ ಮಾತ್ರ ಗೊತ್ತು!

ಆ ಹುಡುಗನಿಗೂ ಒಂದು ತುಂಡು ಕೊಟ್ಟು ತಿರುಚಿಸಿದೆ. ಮುರಿದದ್ದನ್ನು ಐದು ನಿಮಿಷ ನೋಡಿ, "ಇದನ್ನ ಮೊದಲೇ ಯಾಕೆ ಸಾರ್ ಹೇಳ್ಲಿಲ್ಲ?" ಅಂದ.

ಉತ್ತರ ಗೊತ್ತಿರುವ ಮೇಷ್ಟ್ರುಗಳು ದಯವಿಟ್ಟು ತಿಳಿಸಿ.