ಪೋಲಿಯೋ ಹನಿ: ಇಳಿದ ಅಂಕಿಗಳು ಕಲಿಸಿದ ಪಾಠ

ಪಲ್ಸ್ ಪೋಲಿಯೋ ರವಿವಾರ ಸಮೀಪಿಸಿದಾಗ ಬಲಿಪೂಜೆಯ ಕೊನೆಯಲ್ಲಿ ಗುರುಗಳು ಅದನ್ನು ಪ್ರಕಟಿಸುವುದು ವಾಡಿಕೆ. ‘ರೋಗವೇ ಇಲ್ಲವಾದ ಮೇಲೆ ಹನಿ ಏಕೆ?’ ಎಂದು ಕೇಳುವವರು ನಮ್ಮಲ್ಲಿಯೂ ಇದ್ದಾರೆ. ಇದಕ್ಕೆ ಉತ್ತರ ಈ ಅಭಿಯಾನದ ಆರಂಭದ ವರ್ಷಗಳಲ್ಲಿಯೇ ದೊರೆಯುತ್ತದೆ.

ರಾಷ್ಟ್ರವ್ಯಾಪಿ ಪಲ್ಸ್ ಪೋಲಿಯೋದ ಮೊದಲ ಸುತ್ತು 1995ರ ಡಿಸೆಂಬರ್ 9ರಂದು, ಎರಡನೆಯದು 1996ರ ಜನವರಿ 20ರಂದು ನಡೆದವು. ಆಗ ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಲಸಿಕೆ ಹಾಕಲಾಯಿತು. ಅನಂತರ ಐದು ವರ್ಷದೊಳಗಿನವರೆಲ್ಲರಿಗೂ ವಿಸ್ತರಿಸಲಾಯಿತು. ಎಲ್ಲ ಮಕ್ಕಳಿಗೂ ಏಕಕಾಲಕ್ಕೆ ಹನಿ ಹಾಕಿದರೆ ರೋಗಾಣುವಿಗೆ ನೆಲೆಸಲು ಹೊಸ ಕರುಳು ಸಿಗದು ಎಂಬುದೇ ಇದರ ತತ್ತ್ವ. 1995ರಲ್ಲಿ ವರದಿಯಾಗಿದ್ದ 3,263 ಪ್ರಕರಣಗಳು ಮರುವರ್ಷ 1,005ಕ್ಕೆ ಇಳಿದವು.

ಆದರೆ 1998ರಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟ ಪ್ರಕರಣಗಳೇ 1,934 ಇದ್ದವು. ಅಭಿಯಾನ ಸೋತಿತೆಂದು ಇದರ ಅರ್ಥವಲ್ಲ. 1997ರಲ್ಲಿ ಕಣ್ಗಾವಲು ಯೋಜನೆ ಆರಂಭವಾಗಿ, ಹಠಾತ್ತನೆ ಕೈಕಾಲಿನ ಬಲ ಕುಂದಿದ ಪ್ರತಿ ಮಗುವಿನ ಮಲಪರೀಕ್ಷೆ ನಡೆಯತೊಡಗಿತ್ತು. ಅಲ್ಲಿಯವರೆಗೆ ಲೆಕ್ಕಕ್ಕೆ ಬಾರದವರು ಲೆಕ್ಕಕ್ಕೆ ಬಂದರು. 2000ದ ಹೊತ್ತಿಗೆ ಸಂಖ್ಯೆ 265ಕ್ಕೆ ಕುಸಿದಿತ್ತು.

ಅಪಾಯ ಬಂದುದು ಈ ಸಮಾಧಾನದಿಂದಲೇ. ರೋಗ ಕಾಣದ ರಾಜ್ಯಗಳಲ್ಲಿ ಲಸಿಕೆಯ ಸುತ್ತುಗಳನ್ನು ಕಡಿಮೆ ಮಾಡಲಾಯಿತು. 2002ರಲ್ಲಿ ದೇಶದಲ್ಲಿ 1,600 ಪ್ರಕರಣಗಳಾದವು. ಅವುಗಳಲ್ಲಿ 1,242 ಉತ್ತರ ಪ್ರದೇಶ ಒಂದರಲ್ಲೇ. ಆ ವರ್ಷ ಒಂದೂ ಪ್ರಕರಣ ಕಾಣದಿದ್ದ ಕರ್ನಾಟಕದಲ್ಲಿ 2003ರಲ್ಲಿ 36 ಮಕ್ಕಳು ಈ ರೋಗಕ್ಕೆ ತುತ್ತಾದರು. ಪುನಃ ಬಿರುಸಿನಿಂದ ಲಸಿಕೆ ಹಾಕಿದ ಮೇಲೆ ಮರುವರ್ಷ ರಾಜ್ಯದ ಸಂಖ್ಯೆ ಒಂದಕ್ಕಿಳಿಯಿತು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡುಬಂತು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು.

ಸೋಂಕು ತಗುಲಿದ ಸುಮಾರು ಇನ್ನೂರು ಮಕ್ಕಳಲ್ಲಿ ಒಬ್ಬರಿಗಷ್ಟೇ ಪಾರ್ಶ್ವವಾಯು ಉಂಟಾಗುತ್ತದೆ. ಉಳಿದವರು ಆಡುತ್ತ ಓಡುತ್ತಲೇ ರೋಗಾಣುವನ್ನು ಹರಡುತ್ತಾರೆ. ಆದ್ದರಿಂದ ಊರಿನಲ್ಲಿ ಕುಂಟುವ ಮಗು ಕಾಣದಿರುವುದು ರೋಗವಿಲ್ಲವೆನ್ನಲು ಸಾಕ್ಷಿಯಾಗದು.

ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ಜನವರಿಯ ಶರಣಮೇಳದಲ್ಲಿ ದೂರದೂರದಿಂದ ಜನ ಬರುತ್ತಾರೆ. ಹುನಗುಂದ, ಬಾದಾಮಿ ಕಡೆಯ ಕುಟುಂಬಗಳು ಎಳೆಮಕ್ಕಳೊಡನೆ ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುತ್ತವೆ. ಹೀಗೆ ಹೋದ ಮಗು ಸ್ವಂತ ಊರಿನ ಪಟ್ಟಿಯಿಂದಲೂ ದುಡಿಯುವ ಊರಿನ ಪಟ್ಟಿಯಿಂದಲೂ ತಪ್ಪಿಹೋಗಬಹುದು. ನೆರೆಯ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ರೋಗಾಣು ಇನ್ನೂ ಉಳಿದಿರುವಾಗ ಇದು ಕಡೆಗಣಿಸುವ ಮಾತಲ್ಲ.

ಮಾರ್ಕನ ಶುಭಸಂದೇಶದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮನೆಯ ಮಾಳಿಗೆ ಬಿಚ್ಚಿ ಯೇಸುಸ್ವಾಮಿಯ ಮುಂದೆ ಇಳಿಸುತ್ತಾರೆ. ಸ್ವಾಮಿ ಕಂಡದ್ದು ಹೊತ್ತು ತಂದವರ ವಿಶ್ವಾಸವನ್ನು. ಲಸಿಕೆಯಲ್ಲಿಯೂ ಈ ಹೊರುವ ಧರ್ಮವಿದೆ: ನಮ್ಮ ಮಗುವಿಗೆ ಹಾಕಿಸಿದ ಹನಿ ನೆರೆಮನೆಯ ಕೂಸನ್ನೂ ಕಾಯುತ್ತದೆ. ಆದುದರಿಂದ ಮುಂದಿನ ರವಿವಾರ ನಮ್ಮ ಮಕ್ಕಳನ್ನು ಕರೆದೊಯ್ದರಷ್ಟೇ ಸಾಲದು. ದುಡಿಯಲು ಬಂದು ನಮ್ಮ ಓಣಿಯಲ್ಲಿ ಗುಡಿಸಲು ಹಾಕಿಕೊಂಡವರ ಮಕ್ಕಳಿಗೂ ಹನಿ ಸಿಕ್ಕಿತೇ ಎಂದು ವಿಚಾರಿಸೋಣ.