ಊಟ ಗ್ಯಾರಂಟಿ, ಮೀನು ಅದೃಷ್ಟ

ತಿಮಿಂಗಿಲ ನೋಡೋ ಬೋಟ್ ಟ್ರಿಪ್‌ಗಳ ಜಾಹೀರಾತನ್ನು ಯಾವತ್ತಾದ್ರೂ ಪೂರ್ತಿ ಓದಿದ್ದೀರಾ? ಬೆಳಗ್ಗೆ ಇಷ್ಟು ಗಂಟೆಗೆ ಹೊರಡ್ತೀವಿ, ಲೈಫ್ ಜಾಕೆಟ್ ಕೊಡ್ತೀವಿ, ಮಧ್ಯಾಹ್ನದ ಊಟ ಟಿಕೆಟ್‌ನಲ್ಲೇ ಸೇರಿದೆ. ಇಷ್ಟೂ ಖಚಿತ. ತಿಮಿಂಗಿಲದ ವಿಷಯಕ್ಕೆ ಬಂದಾಗ ಮಾತ್ರ ‘ಕಾಣುವ ಸಾಧ್ಯತೆ ಇದೆ’ ಅಂತ ಮೆಲ್ಲಗೆ ಬರೆದಿರ್ತಾರೆ.

ಈ ವ್ಯಾಪಾರ ಶುರುವಾಗಿದ್ದು 1955ರಲ್ಲಿ, ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ. ತಲೆಗೆ ಒಂದು ಡಾಲರ್ ತಗೊಂಡು ಜನರನ್ನ ದೋಣಿಯಲ್ಲಿ ಕೂರಿಸಿ ಬೂದು ತಿಮಿಂಗಿಲ ತೋರಿಸೋಕೆ ಕರ್ಕೊಂಡು ಹೋಗ್ತಿದ್ರು. ನಮಗೆ ಹತ್ತಿರದಲ್ಲಿ ಅಂದ್ರೆ ಶ್ರೀಲಂಕಾದ ಮಿರಿಸ್ಸಾ ಇದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ನೀಲಿ ತಿಮಿಂಗಿಲ ನೋಡೋ ಸೀಸನ್. ನಮ್ಮ ಟೀಮ್‌ನ ಹುಡುಗ ಒಬ್ಬ ಹೋಗಿ ಬಂದ. ಐದು ಗಂಟೆ ಸಮುದ್ರದಲ್ಲಿದ್ದು, ಎರಡು ಸಲ ವಾಂತಿ ಮಾಡ್ಕೊಂಡು, ದೂರದಲ್ಲಿ ಒಂದು ಬೆನ್ನು ನೋಡಿ ಬಂದನಂತೆ. ‘ಆದ್ರೂ ವರ್ತ್ ಮಗಾ’ ಅಂದ. ಯಾಕೆ ಅಂತ ಕೇಳಿದ್ರೆ ಹೇಳೋಕೆ ಬರಲಿಲ್ಲ.

ನಾನು ಮಂಡ್ಯ ಜಿಲ್ಲೆಯವನು. ನಮಗೆ ಸಮುದ್ರ ಇಲ್ಲ, ತಿಮಿಂಗಿಲ ಇಲ್ಲ. ಆದ್ರೆ ಕಾವೇರಿ ಇದೆ, ಕಾವೇರಿಯಲ್ಲೊಂದು ಮೀನಿದೆ. ಹೆಸರು ಮಹಶೀರ್. ಅದರಲ್ಲೂ ಬೆನ್ನ ಮೇಲೆ ಡುಬ್ಬ, ಕಿತ್ತಳೆ ಬಣ್ಣದ ರೆಕ್ಕೆ ಇರೋ ಒಂದು ಜಾತಿ ಇದೆ. ಅದು ಕಾವೇರಿ ಮತ್ತು ಅದರ ಉಪನದಿಗಳನ್ನ ಬಿಟ್ರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೈಸೂರಿನ ಡಿವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್ ತೂಗ್ತಿತ್ತು. ಅಂದ್ರೆ ಸುಮಾರು 54 ಕೆ.ಜಿ., ಒಂದು ಸಿಮೆಂಟ್ ಮೂಟೆಗಿಂತ ಜಾಸ್ತಿ. ಸಿಹಿನೀರಿನ ಮಟ್ಟಿಗೆ ಇದನ್ನೇ ನಮ್ಮ ತಿಮಿಂಗಿಲ ಅನ್ನಬಹುದು.

ಇದನ್ನ ನೋಡೋಕೆ ನಮ್ಮಲ್ಲೂ ಊಟ ಸೇರಿದ ಟ್ರಿಪ್ ಇದೆ. ಮಳವಳ್ಳಿ ತಾಲೂಕಿನ ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಕ್ಯಾಂಪ್ ಇದೆ. ತೆಪ್ಪದಲ್ಲಿ ಒಂದು ಸುತ್ತು, ಆಮೇಲೆ ಊಟ. ಒಂದು ಭಾನುವಾರ ಅಪ್ಪನ್ನ ಕರ್ಕೊಂಡು ಹೊರಟೆ. ಮದ್ದೂರಲ್ಲಿ ವಡೆ ಕಟ್ಟಿಸ್ಕೊಂಡು, ಕೆ.ಎಂ. ದೊಡ್ಡಿ, ಮಳವಳ್ಳಿ, ಹಲಗೂರು ದಾಟಿದ್ರೆ ಕಬ್ಬಿನ ಗದ್ದೆ ಮುಗಿದು ಕಾಡು ಶುರು. ದಾರಿಯಲ್ಲಿ ಮುತ್ತತ್ತಿ. ಸೀತಮ್ಮನ ಮೂಗಿನ ಮುತ್ತು ಹೊಳೆಗೆ ಬಿದ್ದಾಗ ಆಂಜನೇಯ ಬಾಲದಲ್ಲಿ ಹುಡುಕಿ ಎತ್ತಿಕೊಟ್ಟ ಅನ್ನೋ ಕತೆ ಆ ಊರಿಂದು. ಅಪ್ಪ ದೇವರಿಗೆ ಕೈಮುಗಿದು, ನೀರಿಗೆ ಇಳೀತಿದ್ದ ಕಾಲೇಜ್ ಹುಡುಗರನ್ನ ಬೈದು ಮೇಲೆ ಹತ್ತಿಸಿ ಬಂದ್ರು. ಅಲ್ಲಿ ಸುಳಿಗೆ ಸಿಕ್ಕಿ ಸತ್ತವರ ಸುದ್ದಿ ನಮ್ಮ ಕಡೆ ಪೇಪರ್‌ನಲ್ಲಿ ಆಗಾಗ ಬರ್ತಾನೇ ಇರುತ್ತೆ. ಮೇಲೆ ಶಾಂತವಾಗಿ ಕಾಣೋ ನೀರು ಕೆಳಗೆ ಹಾಗಿರಲ್ಲ.

ತೆಪ್ಪದಲ್ಲಿ ನಾವಿಬ್ಬರು, ಜೊತೆಗೆ ಹುಟ್ಟು ಹಾಕೋ ಅಣ್ಣ. ಮೊದಲ ಅರ್ಧ ಗಂಟೆಯಲ್ಲಿ ಬಂಡೆ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ ಕಂಡಿತು. ಮೂರು ನೀರುನಾಯಿಗಳು ತಲೆ ಎತ್ತಿ ನಮ್ಮನ್ನ ನೋಡಿ ಮುಳುಗಿದವು. ಮಹಶೀರ್ ಸುಳಿವೇ ಇಲ್ಲ.

‘ಅಣ್ಣ, ದೊಡ್ ಮೀನು ನೋಡಿದ್ದೀರಾ?’ ಅಂದೆ.

‘ನೋಡ್ದೆ ಏನ್ ಸಾ! ಮೊದ್ಲು ಫಾರಿನ್ನೋರು ಬತ್ತಿದ್ರು, ಗಾಳ ಹಾಕೋರು. ಒಂದ್ ಮೀನು ಎಳ್ಯಕ್ಕೆ ಅರ್ಧ ಗಂಟೆ. ಎಳ್ದು, ತೂಕ ನೋಡಿ, ಬುಕ್ಕಲ್ಲಿ ಬರ್ಕಂಡು, ವಾಪಸ್ ನೀರಿಗೆ ಬುಡೋರು.’

ಚಿಕ್ಕಂದಿನಲ್ಲಿ ಶಿಂಷಾ ಹೊಳೆಯಲ್ಲಿ ಮೀನು ಹಿಡಿದು ಬೆಳೆದ ಅಪ್ಪನಿಗೆ ಇದು ತಡೆಯಲಿಲ್ಲ. ‘ಹಿಡ್ದಿದ್ ಮೀನ ನೀರಿಗೆ ಬುಡೋದಾ? ಅದ್ಯಾವ ಸೀಮೆ ಕಸುಬಪ್ಪ!’

‘ಅದ್ಕೇ ಯಜಮಾನ್ರೇ, ಮೀನು ಉಳ್ಕಂಡಿದ್ದು’ ಅಂದ್ರು ಅಣ್ಣ.

ಆ ‘ಬುಕ್ಕಲ್ಲಿ ಬರ್ಕಂಡು’ ಅನ್ನೋ ಮಾತು ನನ್ನ ತಲೆಯಲ್ಲಿ ಉಳೀತು. ಯಾಕಂದ್ರೆ ಲಾಗ್ ಓದೋದೇ ನನ್ನ ಹೊಟ್ಟೆಪಾಡು. ಮನೆಗೆ ಬಂದು ಹುಡುಕಿದಾಗ ಕತೆ ಪೂರ್ತಿ ಸಿಕ್ತು.

ಇದೇ ಹೊಳೆಯ ಕೆಳಭಾಗದಲ್ಲಿ ಗಾಳಿಬೋರೆ ಅಂತ ಇನ್ನೊಂದು ಕ್ಯಾಂಪ್ ಇದೆ. ಅಲ್ಲಿ ಗಾಳ ಹಾಕ್ತಿದ್ದವರು ಎಷ್ಟು ಗಂಟೆ ಕೂತ್ರು, ಯಾವ ಮೀನು ಸಿಕ್ತು, ಎಷ್ಟು ತೂಕ ಅಂತ ದಾಖಲೆ ಇಟ್ಟಿದ್ರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನ ಏಡ್ರಿಯನ್ ಪಿಂಡರ್ ಮತ್ತು ಜೊತೆಗಾರರು ಲೆಕ್ಕ ಹಾಕಿ 2015ರಲ್ಲಿ ಪ್ರಬಂಧ ಪ್ರಕಟಿಸಿದ್ರು. ಒಟ್ಟಾರೆ ನೋಡಿದ್ರೆ ಸಿಗೋ ಮಹಶೀರ್‌ಗಳ ಸಂಖ್ಯೆ ಹೆಚ್ಚಾಗ್ತಾನೇ ಇತ್ತು. ನಮ್ಮ ಆಫೀಸ್ ಭಾಷೆಯಲ್ಲಿ ಡ್ಯಾಶ್‌ಬೋರ್ಡ್ ಹಸಿರು, ಎಲ್ಲರೂ ಖುಷಿ.

ಜಾತಿವಾರು ಬಿಡಿಸಿ ನೋಡಿದಾಗ ಬೇರೆಯೇ ಚಿತ್ರ. ಹೆಚ್ಚಾಗ್ತಿದ್ದದ್ದು ನೀಲಿ ರೆಕ್ಕೆಯ ಇನ್ನೊಂದು ಮಹಶೀರ್. ಅದು ಕಾವೇರಿಯದಲ್ಲ. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಿಂದ ತಂದು ಬಿಟ್ಟಿದ್ದು. ಮೀನು ಉಳಿಸೋ ಒಳ್ಳೆ ಉದ್ದೇಶದಿಂದಲೇ ಬಿಟ್ಟಿದ್ರು. ನಮ್ಮ ಡುಬ್ಬದ ಮಹಶೀರ್ ಮಾತ್ರ ವರ್ಷದಿಂದ ವರ್ಷಕ್ಕೆ ಅಪರೂಪ ಆಗ್ತಾ ಹೋಯ್ತು. ಸಿಕ್ಕಿದ್ದರಲ್ಲೂ ಹೆಚ್ಚಿನವು ದೊಡ್ಡ, ವಯಸ್ಸಾದ ಮೀನುಗಳು. ಮರಿಗಳು ಬರ್ತಾನೇ ಇರಲಿಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ ವಯಸ್ಸಾದವರಷ್ಟೇ ಉಳಿದ ನಮ್ಮ ಹಳ್ಳಿಗಳ ಹಾಗೆ.

ಇನ್ನೂ ವಿಚಿತ್ರ ಅಂದ್ರೆ ನೂರಕ್ಕೂ ಹೆಚ್ಚು ವರ್ಷ ಲೋಕಪ್ರಸಿದ್ಧವಾಗಿದ್ದ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಮರಿಗಳನ್ನ ನೋಡಿ 2007ರಲ್ಲಿ ವಿವರಿಸಿದ್ದ ‘ಟೋರ್ ರೆಮಾದೇವಿ’ ಜಾತಿ, ಕಾವೇರಿಯ ಡುಬ್ಬದ ಮಹಶೀರ್ ಎರಡೂ ಒಂದೇ ಅಂತ 2018ರಲ್ಲಿ ಖಚಿತವಾಯ್ತು. ಮೀನುಗಳ ಅಧ್ಯಯನ ಮಾಡಿದ ಡಾ. ಕೆ. ರೆಮಾದೇವಿ ಅವರ ಹೆಸರದು. ಹೆಸರು ಸಿಕ್ಕ ಮೇಲೆ ತಾನೇ ಕೆಂಪು ಪಟ್ಟಿಗೆ ಸೇರಿಸೋದು? ಅದೇ ವರ್ಷ ಐಯುಸಿಎನ್ ಇದನ್ನ ‘ತೀವ್ರ ಅಪಾಯದಲ್ಲಿರುವ’ ಜಾತಿ ಅಂತ ಘೋಷಿಸಿತು. ಹುಲಿಗಿಂತ ಹೆಚ್ಚು ಅಪಾಯದ ವರ್ಗ ಇದು.

ಈ ಅಪಾಯ ಗೊತ್ತಾಗಿದ್ದೇ ಮೋಜಿಗೆ ಬಂದವರು ಬರೆದಿಟ್ಟ ಲೆಕ್ಕದಿಂದ. ಅಭಯಾರಣ್ಯದೊಳಗೆ ಗಾಳ ಹಾಕೋದು 2012ಕ್ಕೆ ನಿಂತಿತು. ಕಾನೂನಿನ ಪ್ರಕಾರ ಅದು ಸರಿಯೇ. ಬಾಯಿಗೆ ಕೊಕ್ಕೆ ಚುಚ್ಚೋದು ಮೀನಿಗೇನೂ ಹಬ್ಬ ಅಲ್ಲ. ಆದ್ರೆ ಗಾಳ ಹಾಕೋರ ಜೊತೆ ಆ ಪುಸ್ತಕವೂ ಹೋಯ್ತು. ಹಿಂದೆ ಕದ್ದು ಮೀನು ಹಿಡಿತಿದ್ದವರಲ್ಲಿ ಕೆಲವರಿಗೆ ಅದೇ ಮೀನು ಕಾಯೋ ಕೆಲಸ ಕೊಟ್ಟಿದ್ರು, ಅದೂ ಹೋಯ್ತು. ಡೈನಮೈಟ್ ಹಾಕೋರು ಎಷ್ಟು ಹಿಡಿದ್ವಿ ಅಂತ ಪುಸ್ತಕದಲ್ಲಿ ಬರೆಯಲ್ಲ.

‘ನಮಗೇನು?’ ಅಂತ ಕೇಳಬಹುದು. ಬೆಂಗಳೂರಿನ ನಿಮ್ಮ ಫ್ಲಾಟ್‌ಗೆ ಕಾವೇರಿ ನೀರು ಬರ್ತಿದ್ರೆ, ಅದು ಇದೇ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರೋದು. ನಾಳೆ ಮೇಕೆದಾಟು ಅಣೆಕಟ್ಟು ಆದ್ರೆ ಮುಳುಗೋ ಜಾಗದಲ್ಲಿ ಹೆಚ್ಚಿನದು ಇದೇ ಕಾವೇರಿ ಅಭಯಾರಣ್ಯದ ಕಾಡು. ಅಣೆಕಟ್ಟು ಬೇಕು ಅನ್ನೋರೂ ಬೇಡ ಅನ್ನೋರೂ ನಮ್ಮ ಮನೆಯಲ್ಲೇ ಇದ್ದಾರೆ. ಇಬ್ಬರಿಗೂ ಬೇಕಾಗೋ ಪ್ರಶ್ನೆ ಒಂದೇ: ಹೊಳೆಯಲ್ಲಿ ಈಗ ಏನೇನು ಉಳಿದಿದೆ?

ತಿಮಿಂಗಿಲದವರು ಇದಕ್ಕೊಂದು ದಾರಿ ಕಂಡ್ಕೊಂಡಿದ್ದಾರೆ. ಹಂಪ್‌ಬ್ಯಾಕ್ ತಿಮಿಂಗಿಲದ ಬಾಲದ ಅಡಿಭಾಗದ ಗುರುತು ನಮ್ಮ ಬೆರಳಚ್ಚಿನ ಥರ, ಒಂದರ ಹಾಗೆ ಇನ್ನೊಂದಿಲ್ಲ. ಟೂರಿಸ್ಟ್‌ಗಳು ತೆಗೆದ ಫೋಟೊಗಳನ್ನ ‘ಹ್ಯಾಪಿವೇಲ್’ ಅನ್ನೋ ತಾಣಕ್ಕೆ ಹಾಕಿದ್ರೆ, ಸಾಫ್ಟ್‌ವೇರ್ ಅದು ಯಾವ ತಿಮಿಂಗಿಲ, ಹಿಂದೆ ಎಲ್ಲಿ ಕಂಡಿತ್ತು ಅಂತ ಹುಡುಕುತ್ತೆ. ಊಟ ಸೇರಿದ ಟ್ರಿಪ್‌ಗೆ ಬಂದವನ ಫೋಟೊ ವಿಜ್ಞಾನಕ್ಕೆ ದಾಖಲೆ ಆಗುತ್ತೆ, ಕೊಕ್ಕೆ ಇಲ್ಲದೆ.

ನಾವೂ ಇದನ್ನ ಮಾಡಬಹುದು. ಭೀಮೇಶ್ವರಿಗೋ ರಂಗನತಿಟ್ಟಿಗೋ, ಕಾರವಾರದ ದೇವಬಾಗಕ್ಕೆ ಡಾಲ್ಫಿನ್ ನೋಡೋಕೋ ಹೋದಾಗ ರೀಲ್ಸ್ ಮಾಡಿ, ಬೇಡ ಅನ್ನಲ್ಲ. ಜೊತೆಗೆ ಎರಡು ನಿಮಿಷ ತಗೊಂಡು ಕಂಡ ಪ್ರಾಣಿಯ ಫೋಟೊ, ತಾರೀಖು, ಜಾಗ ಸೇರಿಸಿ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿ. ಹಕ್ಕಿಯಾದ್ರೆ ಇ-ಬರ್ಡ್ ಇದೆ. ಇ-ಬರ್ಡ್‌ನಲ್ಲಿ ಎಷ್ಟು ಹೊತ್ತು ನೋಡಿದ್ರಿ ಅನ್ನೋದನ್ನೂ ಬರೀರಿ. ಎಷ್ಟು ಹೊತ್ತು ನೋಡಿದ್ರೂ ಕಾಣದೇ ಇದ್ದದ್ದು ಕೂಡ ಒಂದು ಮಾಹಿತಿ. ಹುಟ್ಟು ಹಾಕೋ ಅಣ್ಣಂದಿರ ಹತ್ರ ನಾಲ್ಕು ಪ್ರಶ್ನೆ ಕೇಳಿ. ಅವರ ತಲೆಯಲ್ಲಿ ಇಪ್ಪತ್ತು ಮೂವತ್ತು ವರ್ಷದ ಹೊಳೆ ಇದೆ, ಯಾವ ಸರ್ವರ್‌ನಲ್ಲೂ ಅದರ ಬ್ಯಾಕಪ್ ಇಲ್ಲ.

ಅಂದಹಾಗೆ ಊಟ ಚೆನ್ನಾಗಿತ್ತು. ಅಪ್ಪ ಎರಡನೇ ಸಲ ಸಾರು ಹಾಕಿಸ್ಕೊಂಡ್ರು. ಮೀನು ಕಾಣಲಿಲ್ಲ ಅಂತ ನಾನು ಗೊಣಗಿದ್ದಕ್ಕೆ ಅವರು ಹೇಳಿದ್ದಿಷ್ಟು: ‘ಇದ್ರೆ ಸಾಕು ಕಣ್ಲಾ, ನಮ್ ಕಣ್ಣಿಗೇ ಕಾಣ್ಬೇಕಾ?’ ಇದೆಯಾ ಅಂತ ಗೊತ್ತಾಗೋಕಾದ್ರೂ ಯಾರಾದರೂ ನೋಡ್ತಿರಬೇಕಲ್ಲಪ್ಪ ಅಂದೆ. ‘ಅಂಗಾದ್ರೆ ಮುಂದಿನ ತಿಂಗ್ಳೂ ಬರಣ ಬುಡು’ ಅಂದ್ರು.