ಒಂದೂ ಮಾತಾಡದೆ ಬಿಡಿಸಿದ 21 ಅಂಕಿಯ ಲೆಕ್ಕ: ಈ ಕಥೆ ನಿಜವೇ?

ಗಣಿತಜ್ಞರೊಬ್ಬರು ವೇದಿಕೆ ಹತ್ತಿ, ತುಟಿ ಬಿಚ್ಚದೆ ಬೋರ್ಡಿನ ಮೇಲೊಂದು ಗುಣಾಕಾರ ಮಾಡಿ, ಚಪ್ಪಾಳೆ ಗಿಟ್ಟಿಸಿ ಕೂತರು ಎಂಬ ಕಥೆಯನ್ನು ನೀವೂ ಓದಿರಬಹುದು. ಲೆಕ್ಕವಂತೂ ನಿಜ. ಮೌನದ ಬಗ್ಗೆ ಅನುಮಾನವಿದೆ.

67 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ 147573952589676412927 ಬರುತ್ತದೆ. (ಫೋನಿನ ಕ್ಯಾಲ್ಕುಲೇಟರ್ ಇಷ್ಟೂ ಅಂಕಿ ತೋರಿಸದೇ ಇರಬಹುದು.) ಇದು ಅವಿಭಾಜ್ಯ ಸಂಖ್ಯೆ ಎಂದು ಫ್ರಾನ್ಸಿನ ಮೆರ್ಸೆನ್ 1644ರಲ್ಲಿ ಬರೆದರು. ಅದು ತಪ್ಪು ಎಂದು ಲ್ಯೂಕಾ ತೋರಿಸಿದ್ದು 1876ರಲ್ಲಿ. ತಮಾಷೆಯೆಂದರೆ, ಇದು ಭಾಗವಾಗುತ್ತದೆ ಎಂದು ಸಾಬೀತಾದರೂ ಯಾವುದರಿಂದ ಎಂಬುದು ಲ್ಯೂಕಾಗೂ ಗೊತ್ತಿರಲಿಲ್ಲ! ಈ ಎರಡು ಪ್ರಶ್ನೆಗಳು ಬೇರೆ ಬೇರೆ. ಮೊದಲನೆಯದು ಸುಲಭ, ಎರಡನೆಯದು ಭಾರೀ ಕಷ್ಟ.

ಉತ್ತರ ಸಿಕ್ಕಿದ್ದು 1903ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕ್ ಸಭೆಯೊಂದರಲ್ಲಿ. ಫ್ರಾಂಕ್ ನೆಲ್ಸನ್ ಕೋಲ್ ಕೊಟ್ಟ ಅಪವರ್ತನಗಳು 193707721 ಮತ್ತು 761838257287. ಮೌನದ ಕಥೆ, 'ಮೂರು ವರ್ಷದ ಭಾನುವಾರಗಳು ಹಿಡಿದವು' ಎಂಬ ಮಾತು, ಎರಡೂ ಇ.ಟಿ. ಬೆಲ್ ಅವರ 1951ರ ಪುಸ್ತಕದ್ದು. ಸಭೆ ನಡೆದಾಗ ಬೆಲ್ ದೂರದ ಕ್ಯಾಲಿಫೋರ್ನಿಯಾದಲ್ಲಿ ವಿದ್ಯಾರ್ಥಿ.

ಕೋಲ್‌ಗೆ ಬೆವರಿಳಿಸಿದ ಆ ಕಷ್ಟವೇ ಇಂದು ಆರ್‌ಎಸ್‌ಎ ಎಂಬ ಬೀಗವಾಗಿ ಅನೇಕ ವೆಬ್‌ಸೈಟ್‌ಗಳನ್ನು ಕಾಯುತ್ತಿದೆ. 2020ರಲ್ಲಿ 250 ಅಂಕಿಯ ಅಂಥದೊಂದು ಸಂಖ್ಯೆಯನ್ನು ಒಡೆಯಲಾಯಿತು. ಒಂದೇ ಪ್ರೊಸೆಸರ್ ಕೋರ್ ಆಗಿದ್ದರೆ ಸುಮಾರು 2700 ವರ್ಷ ಬೇಕಿತ್ತು. ಸಾಮಾನ್ಯವಾಗಿ ಬಳಕೆಯಲ್ಲಿರುವುದು 617 ಅಂಕಿಯವು. ವಂಚಕರು ಈ ಲೆಕ್ಕದ ಗೋಜಿಗೇ ಹೋಗುವುದಿಲ್ಲ. ಫೋನ್ ಮಾಡಿ ನಿಮ್ಮ ಒಟಿಪಿ ಕೇಳುತ್ತಾರೆ.